ಗಂಗಾಮೂಲದಿಂದ ಕೇಡಗಾಂವ್‌ವರೆಗೆ: ಪಂಡಿತಾ ರಮಾಬಾಯಿಯವರ ಜಾಡಿನಲ್ಲಿ

ಸೋಮವಾರ, ಮಾಳ

ಕಾರ್ಕಳದಿಂದ ಬಜಗೋಳಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಅಡಿಕೆ ತೋಟಗಳು ದಟ್ಟವಾಗುತ್ತ ಹೋಗುತ್ತವೆ, ಎದುರಿಗೆ ಘಟ್ಟ ನೆಟ್ಟಗೆ ಎದ್ದು ನಿಲ್ಲುತ್ತದೆ. ಆ ಘಟ್ಟದ ಬುಡದಲ್ಲಿರುವ ಊರು ಮಾಳ. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಮೂಲ ಇದೇ ಊರು. ಕೊಂಕಣದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಚಿತ್ಪಾವನ ಮನೆತನಗಳು ಇಂದಿಗೂ ಮನೆಯೊಳಗೆ ಚಿತ್ಪಾವನಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬ ರೀತಿಯಲ್ಲಿ ಬದುಕುತ್ತಿವೆ. ಪರಶುರಾಮನಿಗೆ ದೇವಸ್ಥಾನ ಕಟ್ಟಿಕೊಂಡ ಅಪರೂಪದ ಊರುಗಳಲ್ಲಿ ಇದೂ ಒಂದು. ನಾನು ಹೋದಾಗ ಬೆಳಗಿನ ಪೂಜೆ ಮುಗಿದಿತ್ತು, ಪ್ರಾಂಗಣದಲ್ಲಿ ಅಡಿಕೆ ಒಣಗಲು ಹರಡಿದ್ದರು.

ಮಹಾರಾಷ್ಟ್ರದ ಸಮಾಜ ಸುಧಾರಣೆಯ ಇತಿಹಾಸ ಬರೆಯುವವರು ರಮಾಬಾಯಿಯವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕರ್ನಾಟಕದಲ್ಲಿ ಹುಟ್ಟಿದ ಈ ಹೆಣ್ಣುಮಗಳ ಬಗ್ಗೆ ನಮ್ಮಲ್ಲಿ ಹೆಚ್ಚಿನವರು ಓದಿರುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದ ಒಂದು ಸಾಲನ್ನು ಮಾತ್ರ: ‘ಶಾರದಾ ಸದನದ ಸ್ಥಾಪಕಿ’. ವಿಧವೆಯರಿಗಾಗಿ ಅವರು ತೆರೆದ ಶಾಲೆ ಅದು. ಸಂಸ್ಕೃತ ಪಂಡಿತೆಯಾಗಿ ಹೆಸರಾಗಿ, 25ನೆಯ ವಯಸ್ಸಿನಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿ, ಮುಂದಿನ ಆಯುಷ್ಯವನ್ನೆಲ್ಲ ವಿಧವೆಯರಿಗೂ ಅನಾಥ ಹೆಣ್ಣುಮಕ್ಕಳಿಗೂ ಧಾರೆಯೆರೆದ ಅವರ ಬದುಕನ್ನು ಮತಾಂತರದ ಮೊದಲು ಮತ್ತು ನಂತರ ಎಂದು ಎರಡು ತುಂಡು ಮಾಡಿ ನೋಡುವುದೇ ರೂಢಿ. ಆ ರೂಢಿ ಸರಿಯಲ್ಲವೆಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಮಾಳದ ಒಬ್ಬ ಶಾಸ್ತ್ರಿಗಳು ತಮ್ಮ ಹೆಂಡತಿಗೆ ಅಕ್ಷರ ಕಲಿಸಲು ಹೂಡಿದ ಹಟವೇ, ಮುಂದೆ ಮಗಳು ಹೆಣ್ಣುಮಕ್ಕಳ ಆಶ್ರಯವಾಗಿ ಕಟ್ಟಿದ, ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಸದನದವರೆಗೆ ಹರಿದುಹೋಗಿದೆ.

ಅನಂತಶಾಸ್ತ್ರಿಗಳು ಹುಡುಗರಾಗಿದ್ದಾಗ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಎಂಬ ವಿದ್ವಾಂಸರಲ್ಲಿ ಓದಿದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಸ್ತ್ರೀಯೊಬ್ಬಳ ಬಾಯಿಂದ ಶ್ಲೋಕ ಕೇಳಿದ ಹುಡುಗನಿಗೆ, ತನ್ನ ಮನೆಯಲ್ಲೂ ಹೀಗೇ ಆಗಬೇಕೆಂಬ ಆಸೆ ಹುಟ್ಟಿತು. ಊರಿಗೆ ಮರಳಿ ಮೊದಲ ಹೆಂಡತಿಗೆ ಕಲಿಸಲು ಹೊರಟಾಗ ಮನೆಯ ಹಿರಿಯರು ಬಿಡಲಿಲ್ಲ, ಆಕೆಗೂ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಬಹುಕಾಲದ ನಂತರ, ನಲವತ್ತು ದಾಟಿದ ಶಾಸ್ತ್ರಿಗಳಿಗೆ ಗೋದಾವರಿಯ ತೀರದಲ್ಲಿ ಯಾತ್ರೆಗೆ ಬಂದ ಒಬ್ಬ ಬ್ರಾಹ್ಮಣ ತನ್ನ ಒಂಬತ್ತು ವರ್ಷದ ಮಗಳನ್ನು ಧಾರೆಯೆರೆದುಕೊಟ್ಟ. ಪರಿಚಯವಾದ ಮರುದಿನವೇ ಮದುವೆ, ಅದರ ಮರುದಿನ ತಂದೆ ಮುಂದಿನ ಕ್ಷೇತ್ರಕ್ಕೆ, ಮಗಳು ಅಪರಿಚಿತನೊಂದಿಗೆ ನೂರಾರು ಮೈಲಿ ದೂರಕ್ಕೆ. ಬಾಲ್ಯವಿವಾಹದ ಕ್ರೌರ್ಯವನ್ನು ವಿವರಿಸುವಾಗ ರಮಾಬಾಯಿಯವರು ಈ ಪ್ರಸಂಗವನ್ನು ಬರೆದಿದ್ದಾರೆ. ಆ ಹುಡುಗಿಯೇ ಲಕ್ಷ್ಮೀಬಾಯಿ, ರಮಾಬಾಯಿಯವರ ತಾಯಿ. ಆಕೆ ಒಳ್ಳೆಯವರ ಕೈ ಸೇರಿದ್ದು ಅದೃಷ್ಟವೇ ಹೊರತು ಪದ್ಧತಿಯ ಹೆಗ್ಗಳಿಕೆಯಲ್ಲ ಎಂಬುದನ್ನು ಮಗಳು ಮರೆಮಾಚಲಿಲ್ಲ.

ಶಾಸ್ತ್ರಿಗಳು ಈ ಸಲ ಬಿಡಲಿಲ್ಲ. ಹೆಂಡತಿಗೆ ಸಂಸ್ಕೃತ ಕಲಿಸತೊಡಗಿದ ಸುದ್ದಿ ಹಬ್ಬಿ, ಉಡುಪಿಗೆ ಕರೆಸಿಕೊಂಡು ಪಂಡಿತರ ಸಭೆಯಲ್ಲಿ ವಿವರಣೆ ಕೇಳಲಾಯಿತೆಂದೂ, ಅವರು ಶಾಸ್ತ್ರಗಳ ಆಧಾರದಿಂದಲೇ ತಮ್ಮ ನಡೆಯನ್ನು ಸಮರ್ಥಿಸಿಕೊಂಡರೆಂದೂ ಜೀವನಚರಿತ್ರೆಗಳು ಹೇಳುತ್ತವೆ. ಸಭೆಯಲ್ಲಿ ಗೆದ್ದರೂ ಊರಿನಲ್ಲಿ ನೆಮ್ಮದಿ ಸಿಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಅವರು ಘಟ್ಟ ಹತ್ತಿದರು.

ಮಂಗಳವಾರ, ಗಂಗಾಮೂಲ

ಮಾಳದಿಂದ ಮೇಲೇರುವ ರಸ್ತೆ ಎಸ್.ಕೆ. ಬಾರ್ಡರ್ ತಲುಪಿ, ಅಲ್ಲಿಂದ ಶೋಲಾ ಕಾಡುಗಳ ನಡುವೆ ಕುದುರೆಮುಖದ ಕಡೆ ಸಾಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ನದಿಗಳ ಮೂಲ ಈ ವರಾಹ ಪರ್ವತ ಶ್ರೇಣಿಯ ಗಂಗಾಮೂಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿರುವ ಈ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಹಾಗಾಗಿ ನಾನು ರಸ್ತೆಯ ಅಂಚಿನಲ್ಲಿ ನಿಂತು ನೋಡಿದ್ದಷ್ಟೇ. ಆ ನಿರ್ಬಂಧದ ಬಗ್ಗೆ ನನಗೆ ದೂರಿಲ್ಲ. 2005ರ ಕೊನೆಯವರೆಗೂ ಕಬ್ಬಿಣದ ಅದಿರಿಗಾಗಿ ಬೆಟ್ಟ ಬಗೆದ ಈ ಸೀಮೆಗೆ ಇಷ್ಟಾದರೂ ವಿರಾಮ ಬೇಕು.

ಶಾಸ್ತ್ರಿಗಳು ಎಳೆಯ ಹೆಂಡತಿಯೊಂದಿಗೆ ಬಂದಾಗ ಇಲ್ಲಿ ಮನೆಯಿರಲಿಲ್ಲ, ದಾರಿಯೂ ಇರಲಿಲ್ಲ. ಮೊದಲ ರಾತ್ರಿ ಕಣಿವೆಯ ಆಚೆಯಿಂದ ಹುಲಿ ಗರ್ಜಿಸಿತು. ಲಕ್ಷ್ಮೀಬಾಯಿ ಕೌದಿಯನ್ನು ಮುಖದ ಮೇಲೆಳೆದುಕೊಂಡು ನೆಲಕ್ಕಂಟಿ ಮಲಗಿದಳು, ಗಂಡ ಬೆಳಗಾಗುವ ತನಕ ಕಾವಲು ಕುಳಿತ. ಮುಂದೆ ಗುಡಿಸಲು ಎದ್ದಿತು, ಕೊಟ್ಟಿಗೆ, ಗದ್ದೆ, ತೋಟಗಳಾದವು, ದೂರದೂರದ ವಿದ್ಯಾರ್ಥಿಗಳು ಬಂದು ಸೇರಿದರು. ಗಂಡ ಊರಿನಲ್ಲಿಲ್ಲದಾಗ ಲಕ್ಷ್ಮೀಬಾಯಿಯೇ ಆ ವಿದ್ಯಾರ್ಥಿಗಳಿಗೆ ಪಾಠ ಹೇಳುವಷ್ಟು ಪಳಗಿದರು.

ಆ ಮನೆಯಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಅತಿಥಿಗಳಿಗೂ ಶಿಷ್ಯರಿಗೂ ಲೆಕ್ಕವಿಲ್ಲದೆ ಉಣಬಡಿಸಿದ ಶಾಸ್ತ್ರಿಗಳ ಆಸ್ತಿ ಆ ಹೊತ್ತಿಗೆ ಕರಗಿಹೋಗಿತ್ತು. ಮಗುವಿಗೆ ಆರು ತಿಂಗಳಾಗುವಾಗ ಇಡೀ ಸಂಸಾರ ಮನೆ ತೊರೆದು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ದೊಡ್ಡ ಪೆಟ್ಟಿಗೆಯೊಂದರಲ್ಲಿ ಮಗುವನ್ನು ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ, ಘಟ್ಟ ಇಳಿಸಿದರು. ನಾನು ನಿಂತಿದ್ದ ಕಡೆಯಿಂದ ಕೆಳಗಿನ ಕಣಿವೆಗೆ ಕಾಡು ಒಂದೇ ಇಳಿಜಾರಾಗಿ ಬೀಳುತ್ತದೆ. ಮಂಜು ಬೀಳುವ ಹೊತ್ತಿನಲ್ಲಿ, ಜಿಗಣೆಗಳ ನಡುವೆ, ಒದ್ದೆ ಎಲೆಗಳ ಮೇಲೆ ಆ ಪೆಟ್ಟಿಗೆ ಇಳಿದುಹೋಗಿರಬೇಕು. ಅಂದಿನಿಂದ ಹದಿನಾರು ವರ್ಷ ಆ ಸಂಸಾರಕ್ಕೆ ಸ್ವಂತ ಸೂರಿರಲಿಲ್ಲ.

ರಸ್ತೆಯಲ್ಲಿ ನದಿಮೂಲದ ಬಗ್ಗೆ, ಹುಲಿಯ ಬಗ್ಗೆ, ಪ್ಲಾಸ್ಟಿಕ್ ಎಸೆಯಬಾರದೆಂಬುದರ ಬಗ್ಗೆ ಫಲಕಗಳಿವೆ. ಈ ಬೆಟ್ಟದಲ್ಲಿ ಹುಟ್ಟಿದ ಮಗುವೊಂದು ಇಂಗ್ಲೆಂಡಿನಲ್ಲಿ ಸಂಸ್ಕೃತ ಕಲಿಸಿ, ಅಮೆರಿಕದ ಊರೂರಿನಲ್ಲಿ ಭಾಷಣ ಮಾಡಿ, ಸಾವಿರಾರು ಹೆಣ್ಣುಮಕ್ಕಳಿಗೆ ಮನೆ ಕಟ್ಟಿತೆಂದು ಹೇಳುವ ಒಂದು ಫಲಕವನ್ನೂ ಇಲ್ಲೆಲ್ಲಾದರೂ ನೆಡಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ. ಕಳಸದಲ್ಲಿ ಊಟ ಮಾಡಿ ಬೆಂಗಳೂರಿನ ರಾತ್ರಿ ಬಸ್ಸು ಹಿಡಿದೆ.

ಬುಧವಾರ, ಬೆಂಗಳೂರಿನಿಂದ ರೈಲಿನಲ್ಲಿ

ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ಹೊರಡುವವರೆಗೆ ಬೆಂಗಳೂರಿನಲ್ಲಿ ನೋಡುವಂಥದ್ದೇನೂ ಈ ಯಾತ್ರೆಗೆ ಸಂಬಂಧಿಸಿದ್ದಲ್ಲ. ಚೀಲದಲ್ಲಿದ್ದ ರಮಾಬಾಯಿಯವರ ಬರಹಗಳನ್ನು ಮತ್ತೆ ಓದಿದೆ.

ತಂದೆ ಊರೂರಿನ ದೇವಸ್ಥಾನಗಳಲ್ಲಿ ಪುರಾಣ ಹೇಳುತ್ತಿದ್ದರು, ಕೇಳಿದವರು ಕೊಟ್ಟ ಕಾಣಿಕೆಯೇ ಜೀವನ. ತಾಯಿ ಬೆಳಗಿನ ಜಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಬಾಯಿಪಾಠ ಮಾಡಿಸುತ್ತಿದ್ದರು. ಹದಿನೈದರ ಹೊತ್ತಿಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ರಮಾಬಾಯಿಯವರ ನಾಲಗೆಯ ಮೇಲಿದ್ದವು, ತಾವೂ ಪುರಾಣ ಹೇಳುತ್ತಿದ್ದರು. ಉಪದೇಶಕಿಯ ಕಂಠ ಅವರಿಗೆ ಮತಾಂತರದಿಂದ ಬಂದದ್ದಲ್ಲ, ದೇವಸ್ಥಾನದ ಕಟ್ಟೆಯ ಮೇಲೆಯೇ ಅದು ಪಳಗಿತ್ತು.

ಅನಂತರ ಬರ. ಕೂಲಿ ಮಾಡಲು ಬಾರದ, ಭಿಕ್ಷೆ ಬೇಡಲು ನಾಚುವ ಆ ವಿದ್ವತ್ ಕುಟುಂಬ ಇದ್ದಬದ್ದ ಪಾತ್ರೆ, ಬಟ್ಟೆ, ಒಡವೆಗಳನ್ನೆಲ್ಲ ಮಾರಿತು. ಮಾರಿದ ಹಣವನ್ನೂ ವ್ರತಕ್ಕೆ, ದಾನಕ್ಕೆ ಕೊಟ್ಟಿತು, ದೇವರು ಪ್ರಸನ್ನನಾಗಲಿಲ್ಲ. ಕಾಡಿನಲ್ಲಿ ಎಲೆ ತಿಂದು ದಿನ ನೂಕಿದರು. ಜಲಸಮಾಧಿ ಮಾಡಿಕೊಳ್ಳಲು ಸಿದ್ಧರಾದ ತಂದೆಯನ್ನು, ಜಾತಿಯ ಅಭಿಮಾನ ಬಿಟ್ಟು ಕೂಲಿ ಮಾಡಿಯಾದರೂ ಸಾಕುತ್ತೇನೆಂದು ಮಗ ಶ್ರೀನಿವಾಸ ತಡೆದ. 1874ರಲ್ಲಿ ತಂದೆ ತೀರಿಕೊಂಡರು, ಸ್ವಲ್ಪ ಕಾಲದಲ್ಲೇ ತಾಯಿ, ಬಳಿಕ ಅಕ್ಕ ಕೃಷ್ಣಾಬಾಯಿ. ತಾಯಿಯ ಶವ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮುಂದೆ ಬಂದರು, ಮೂರನೆಯವನು ಅಣ್ಣ. ನಾಲ್ಕನೆಯ ಹೆಗಲು ರಮಾಬಾಯಿಯವರದಾಗಬೇಕಿತ್ತು. ಅವರು ಗಿಡ್ಡ. ಉಳಿದ ಮೂವರ ಹೆಗಲಿನ ಮಟ್ಟಕ್ಕೆ ಚಟ್ಟವನ್ನು ನಿಲ್ಲಿಸಲು ತಮ್ಮ ಪಾಲಿನ ತುದಿಯನ್ನು ತಲೆಯ ಮೇಲೆ ಹೊತ್ತು ಮಸಣದವರೆಗೆ ನಡೆದರು. ಇದನ್ನು ಓದಿದ ಪ್ರತಿಸಲವೂ ನಾನು ಪುಸ್ತಕ ಕೆಳಗಿಟ್ಟಿದ್ದೇನೆ.

ಅಣ್ಣ ತಂಗಿ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿಯ ಪಂಡಿತರು ಇಪ್ಪತ್ತು ವರ್ಷದ ಈ ಯುವತಿಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಹೆಂಗಸರಿಗೆ ಧರ್ಮಶಾಸ್ತ್ರದ ಕರ್ತವ್ಯಗಳನ್ನು ತಿಳಿಸಿಕೊಡಬೇಕೆಂಬ ಕೋರಿಕೆಯಿಂದ ಶಾಸ್ತ್ರಗ್ರಂಥಗಳನ್ನು ಹೊಸದಾಗಿ ಓದಿದಾಗ ಅವರ ನಂಬಿಕೆ ಅಲುಗಿತು. ಪರಸ್ಪರ ಒಪ್ಪದ ಗ್ರಂಥಗಳೆಲ್ಲ ಒಂದು ವಿಷಯದಲ್ಲಿ ಮಾತ್ರ ಒಪ್ಪುತ್ತವೆಂದೂ, ಹೆಣ್ಣು ಹೆಣ್ಣಾಗಿ ಮೋಕ್ಷಕ್ಕೆ ಅರ್ಹಳಲ್ಲವೆಂಬುದೇ ಆ ವಿಷಯವೆಂದೂ ಅವರು ಮುಂದೆ ಬರೆದರು. ಬ್ರಹ್ಮ ಸಮಾಜದ ಮುಖಂಡ ಕೇಶವಚಂದ್ರ ಸೇನರು ಕೈಗೆ ವೇದ ಕೊಟ್ಟು ಓದೆಂದರು. ಹೆಂಡತಿಗೆ ಪುರಾಣ ಕಲಿಸಿದ ತಂದೆಯೂ ವೇದದ ಬಾಗಿಲು ತೆರೆದಿರಲಿಲ್ಲ.

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬೇರೆ ಜಾತಿಯ, ಬೇರೆ ಭಾಷೆಯ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಅವರು ಸಿವಿಲ್ ವಿವಾಹವಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು, 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು.

ಗುರುವಾರ, ಕಲಬುರಗಿ

ಬೆಳಿಗ್ಗೆ ಇಳಿದು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಊರು ಸುತ್ತಿದೆ. ರಮಾಬಾಯಿಯವರ ಕೆಲಸದ ಒಂದು ಕವಲು ಮರಳಿ ಕನ್ನಡ ನೆಲಕ್ಕೆ ಚಾಚಿದ್ದು ಇಲ್ಲಿ. ನಿಜಾಮರ ಆಳ್ವಿಕೆಯ ಗುಲ್ಬರ್ಗದಲ್ಲಿ, 1912ರ ಸುಮಾರಿಗೆ ಮುಕ್ತಿ ಸಂಸ್ಥೆಯ ಕಡೆಯಿಂದ ಕ್ರಿಶ್ಚಿಯನ್ ಹೈಸ್ಕೂಲೊಂದು ಆರಂಭವಾಯಿತು, ಮನೋರಮಾ ಅದರ ಮುಖ್ಯಸ್ಥೆಯಾದರು. ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಓದಿದ, ಬ್ರೇಲ್ ಲಿಪಿ ಕಲಿತು ಬಂದು ಮುಕ್ತಿಯ ಅಂಧ ಬಾಲಕಿಯರಿಗೆ ಓದು ಹೇಳಿಕೊಟ್ಟ ಮನೋರಮಾ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬಹಳ ಹಿಂದೆ ಬಿದ್ದಿದ್ದ ಈ ಸೀಮೆಯನ್ನು ಆರಿಸಿಕೊಂಡದ್ದು ಸಣ್ಣ ಮಾತಲ್ಲ. ಅಜ್ಜ ಘಟ್ಟದ ಕಾಡಿನಲ್ಲಿ ಮಾಡಿದ್ದನ್ನು ಮೊಮ್ಮಗಳು ಬಯಲುಸೀಮೆಯ ಬಿಸಿಲಿನಲ್ಲಿ ಮಾಡಿದರು.

ಶರಣಬಸವೇಶ್ವರ ದೇವಸ್ಥಾನದ ಕೆರೆಯ ದಂಡೆಯಲ್ಲಿ ಸಿಕ್ಕ ನಿವೃತ್ತ ಶಿಕ್ಷಕರೊಬ್ಬರಿಗೆ ಈ ವಿಷಯ ಹೇಳಿದೆ. ಅವರು ಕೂಡಲೇ, ಅಕ್ಕಮಹಾದೇವಿಯ ಹೆಸರು ಹೇಳುವ ನಾವು ಆಕೆಯಂತೆಯೇ ಮನೆ ಬಿಟ್ಟು ನಡೆದ ಇನ್ನೊಬ್ಬ ಹೆಣ್ಣುಮಗಳನ್ನು ಬೇರೆ ಮತದವಳೆಂದು ದೂರವಿಟ್ಟೆವಲ್ಲ ಎಂದರು. ಹನ್ನೆರಡನೆಯ ಶತಮಾನದ ಶರಣೆಯನ್ನೂ ಹತ್ತೊಂಬತ್ತನೆಯ ಶತಮಾನದ ಪಂಡಿತೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ನಾನು ಹಿಂಜರಿಯುತ್ತೇನೆ. ಆದರೆ ಆ ಮಾತಿನ ಹಿಂದಿನ ನೋವು ನನ್ನದೂ ಹೌದು. ಸಂಜೆ ಪುಣೆಯ ರೈಲು ಹತ್ತಿದೆ.

ಶುಕ್ರವಾರ, ಪುಣೆ

ಗಂಡ ತೀರಿದ ವರ್ಷವೇ ರಮಾಬಾಯಿ ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಶಿಕ್ಷಣದ ಬಗೆಗಿನ ಹಂಟರ್ ಆಯೋಗದ ಮುಂದೆ ಮರಾಠಿಯಲ್ಲಿ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ಹೆಂಗಸರ ಕಾಯಿಲೆಗೆ ಹೆಂಗಸರೇ ವೈದ್ಯರಾಗಬೇಕು ಎಂದು ಒತ್ತಾಯಿಸಿದರು. ತಾವೇ ವೈದ್ಯಕೀಯ ಓದಬೇಕೆಂದು, ‘ಸ್ತ್ರೀ ಧರ್ಮನೀತಿ’ ಎಂಬ ತಮ್ಮ ಮರಾಠಿ ಪುಸ್ತಕದ ಹಣದಿಂದ 1883ರಲ್ಲಿ ಹಡಗು ಹತ್ತಿ, ಮಗಳೊಂದಿಗೆ ಇಂಗ್ಲೆಂಡಿನ ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿದರು. ಕಿವಿ ಮಂದವಾಗಿದ್ದುದರಿಂದ ವೈದ್ಯಕೀಯದ ಆಸೆ ಕೈಗೂಡಲಿಲ್ಲ. ಆ ಮಠದವರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ಸಮಾಜ ‘ಕೆಟ್ಟವರು’ ಎಂದು ದೂಡಿದ ಹೆಂಗಸರನ್ನು ಕರೆತಂದು ಸಲಹುತ್ತಿದ್ದ ಮನೆಯನ್ನು ಅವರು ಕಂಡರು. ಅಂಥ ಹೆಂಗಸರಿಗೆ ಕರುಣೆ ತೋರುವ ಧರ್ಮವನ್ನು ತಾವು ಅಲ್ಲಿಯವರೆಗೆ ಕಂಡಿರಲಿಲ್ಲವೆಂದು ಬರೆದಿದ್ದಾರೆ. ತಾವೂ ಚಿತ್ಪಾವನರಾಗಿ ಹುಟ್ಟಿ ಕ್ರೈಸ್ತರಾಗಿದ್ದ ನೆಹೆಮಯಾ ಗೋರೆಯವರ ಬರಹಗಳು ತರ್ಕದ ತೊಡಕುಗಳನ್ನು ಬಿಡಿಸಿದವು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ಪುಣೆ ಕನಲಿತು. ಅವರನ್ನು ಹೊಗಳಿದ್ದ ಪತ್ರಿಕೆಗಳೇ ತೆಗಳಿದವು. ಹೊಸ ಮತದವರೂ ಅವರನ್ನು ಸುಲಭವಾಗಿ ಅರಗಿಸಿಕೊಳ್ಳಲಿಲ್ಲವೆಂಬುದನ್ನು ನಮ್ಮವರು ಗಮನಿಸುವುದಿಲ್ಲ. ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಜೊತೆಗಿನ ಅವರ ಪತ್ರಗಳಲ್ಲಿ ಹೆಜ್ಜೆ ಹೆಜ್ಜೆಗೂ ವಾದವಿದೆ. ತ್ರಿಯೇಕ ದೇವರ ಸಿದ್ಧಾಂತವನ್ನು ಅರ್ಥವಾಗದೆ ಒಪ್ಪಲಾರೆ ಎಂದರು. ಲ್ಯಾಟಿನ್ ಬರಹವಿರುವ ಶಿಲುಬೆ ಧರಿಸಲಾರೆ, ಬರಹ ಬೇಕಾದರೆ ಸಂಸ್ಕೃತದಲ್ಲಿರಲಿ ಎಂದರು. ಮೊಟ್ಟೆ ಹಾಕಿದ ಸಿಹಿಯನ್ನೂ ಮುಟ್ಟಲಿಲ್ಲ, ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು. ಭಾರತದ ಪುರೋಹಿತರ ನೊಗವನ್ನು ಬಹಳ ಕಷ್ಟದಿಂದ ಕಳಚಿ ಬಂದಿರುವ ತಾನು ಅಂಥದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದ ಮಾತನ್ನು ನೇರವಾಗಿ ಬರೆದರು. ಚೆಲ್ಟೆನ್‌ಹ್ಯಾಮ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ, ಹೆಂಗಸು ಗಂಡಸರಿಗೆ ಪಾಠ ಹೇಳುವುದು ಸಲ್ಲದೆಂದು ಬಿಷಪ್ಪರು ತಡೆಯೊಡ್ಡಿದಾಗಲೂ ಅವರು ಸುಮ್ಮನಿರಲಿಲ್ಲ. ಉಡುಪಿಯ ಸಭೆಯಲ್ಲಿ ತಂದೆ ಎದುರಿಸಿದ್ದ ಪ್ರಶ್ನೆಯನ್ನೇ ಮಗಳು ಇಂಗ್ಲೆಂಡಿನ ಚರ್ಚಿನಲ್ಲಿ ಎದುರಿಸಿದರು.

ಬೆಳಿಗ್ಗೆ ಗಂಜ್ ಪೇಠೆಯ ಫುಲೆವಾಡಕ್ಕೆ ಹೋದೆ. ಹೆಂಚಿನ ಪುಟ್ಟ ಮನೆ, ಅಂಗಳ, ಬಾವಿ. ಪುಣೆಯ ಮೇಲ್ಜಾತಿಯ ಸುಧಾರಕರೂ ಮುಖ ತಿರುಗಿಸಿದ ಹೊತ್ತಿನಲ್ಲಿ ಜೋತಿಬಾ ಫುಲೆಯವರು 1885ರ ತಮ್ಮ ‘ಸತ್ಸಾರ’ದಲ್ಲಿ ರಮಾಬಾಯಿಯವರ ಪರವಾಗಿ ಬರೆದರು. ಶಾಸ್ತ್ರಗಳನ್ನು ಓದಿದ ಮೇಲೆ ಸ್ವಾಭಿಮಾನಿ ಹೆಣ್ಣು ಇನ್ನೇನು ಮಾಡಿಯಾಳು ಎಂಬುದು ಅವರ ನಿಲುವು. ಮಧ್ಯಾಹ್ನ ಕರ್ವೆನಗರದ ಕಡೆ ಹೋದೆ. ವಿಧವೆಯರ ಶಿಕ್ಷಣಕ್ಕೆ ಬದುಕು ತೆತ್ತ ಧೋಂಡೋ ಕೇಶವ ಕರ್ವೆಯವರ ಪತ್ನಿ ಆನಂದಿಬಾಯಿ, ಅಂದರೆ ವಿಧವೆ ಗೋದೂಬಾಯಿ, ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಇಂದು ಸಾವಿರಾರು ಹುಡುಗಿಯರು ಓದುವ ಆ ಆವರಣದ ಬೇರು ಹೀಗೆ ರಮಾಬಾಯಿಯವರ ಅಂಗಳದಲ್ಲಿದೆ.

ಶಾರದಾ ಸದನ ಹುಟ್ಟಿದ್ದು ಅಮೆರಿಕದ ಹಣದಿಂದ. ವೈದ್ಯ ಪದವಿ ಪಡೆಯುತ್ತಿದ್ದ ತಮ್ಮ ಬಂಧು ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು 1886ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ, ಅಲ್ಲಿಯೇ ಉಳಿದು ಊರೂರಿನಲ್ಲಿ ಭಾಷಣ ಮಾಡಿದರು, ‘ದಿ ಹೈ-ಕಾಸ್ಟ್ ಹಿಂದೂ ವುಮನ್’ ಎಂಬ ಪುಸ್ತಕ ಬರೆದರು. ಬಾಸ್ಟನ್‌ನಲ್ಲಿ ಅವರ ಹೆಸರಿನ ಸಂಘ ಕಟ್ಟಿಕೊಂಡವರು ಹತ್ತು ವರ್ಷ ನೆರವಾಗುವ ಭರವಸೆಯಿತ್ತರು. ಸದನದಲ್ಲಿ ಧರ್ಮಬೋಧನೆ ಇರಕೂಡದು, ಪ್ರತಿಯೊಬ್ಬಳಿಗೂ ತನ್ನ ಮತದ ಆಚರಣೆಗೆ ಸ್ವಾತಂತ್ರ್ಯವಿರಬೇಕು ಎಂಬುದು ಒಪ್ಪಂದ. 1889ರ ಮಾರ್ಚ್ 11ರಂದು ಮುಂಬೈಯ ಚೌಪಾಟಿಯಲ್ಲಿ ತೆರೆದ ಸದನ ಮರುವರ್ಷ ಪುಣೆಗೆ ಬಂತು.

ಜಗಳ ಎದ್ದದ್ದು ಒಂದು ಬಾಗಿಲಿನಿಂದ. ರಮಾಬಾಯಿ ಮಗಳೊಂದಿಗೆ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಯಾರನ್ನೂ ಕರೆಯಲಿಲ್ಲ, ಬಂದು ಕುಳಿತವರನ್ನು ಎಬ್ಬಿಸಲೂ ಇಲ್ಲ. ಕೆಲವು ಹುಡುಗಿಯರು ಬರತೊಡಗಿದರು. ಟಿಳಕರ ‘ಕೇಸರಿ’ ಪತ್ರಿಕೆ ಗುಡುಗಿತು. ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥ ಹಿರಿಯರು 1893ರಲ್ಲಿ ಹೊರನಡೆದರು, ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅನಾಥಳಾಗಿ ಒಬ್ಬರ ಆಸರೆಯಲ್ಲಿ ಬದುಕುವ ಹುಡುಗಿಯ ಆಯ್ಕೆ ಎಷ್ಟು ಸ್ವತಂತ್ರ ಎಂಬ ವಿರೋಧಿಗಳ ಪ್ರಶ್ನೆ ಹುರುಳಿಲ್ಲದ್ದಲ್ಲ. ಅದನ್ನು ಕೇಳಿದವರೆಲ್ಲರನ್ನೂ ಹಳೆಯ ಕಾಲದವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ತಲೆ ಬೋಳಿಸಿ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದಾಗ ಅದೇ ಹುಡುಗಿಯ ಆಯ್ಕೆಯನ್ನು ಕೇಳಿದವರು ಎಷ್ಟು ಜನ ಎಂಬ ಮರುಪ್ರಶ್ನೆಗೆ ಆ ಕಾಲದ ಪುಣೆ ಉತ್ತರ ಕೊಡಲಿಲ್ಲ. ಬಾಗಿಲು ಮುಚ್ಚಿ ಪ್ರಾರ್ಥಿಸಿದ್ದರೆ ಸದನ ಶಾಂತವಾಗಿ ನಡೆಯುತ್ತಿತ್ತು. ತಮ್ಮ ಮನೆಯಲ್ಲಿ ತಮ್ಮ ನಂಬಿಕೆಯನ್ನು ಮರೆಮಾಡಲು ಅವರು ಒಪ್ಪಲಿಲ್ಲ.

ಶನಿವಾರ ಮತ್ತು ಭಾನುವಾರ, ಕೇಡಗಾಂವ್

ಪುಣೆಯಿಂದ ದೌಂಡ್ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಹಡಪ್ಸರ್, ಉರುಳಿ, ಯೇವತ್ ದಾಟಿ ಕೇಡಗಾಂವ್‌ನಲ್ಲಿ ನಿಲ್ಲುತ್ತದೆ. ಸುತ್ತ ಈಗ ಕಬ್ಬಿನ ಹಸಿರು. ರಮಾಬಾಯಿ ಸದನದ ಖರ್ಚಿಗೆ ಆದಾಯವಾಗಲೆಂದು ತೋಟ ಮಾಡಲು ಇಲ್ಲಿ ಸುಮಾರು ನೂರು ಎಕರೆ ಕೊಂಡಾಗ ಇದು ಬರಡು ನೆಲ. ಬಾವಿ ತೋಡಿಸಿ, ಹಣ್ಣಿನ ಗಿಡ ನೆಡಿಸಿದರು.

1896ರ ಕೊನೆಗೆ ಮಧ್ಯ ಪ್ರಾಂತ್ಯಗಳಲ್ಲಿ ಬರ ಬಿತ್ತು. ಸುದ್ದಿ ಓದಿದ ರಮಾಬಾಯಿಗೆ ತಾವು ಎಲೆ ತಿಂದ ದಿನಗಳು ನೆನಪಾದವು, ಸುಮ್ಮನೆ ಕೂರಲಾಗಲಿಲ್ಲ. ಬರಪೀಡಿತ ಊರುಗಳಿಗೆ ತಾವೇ ಹೋಗಿ, ಮರಗಳ ಕೆಳಗೆ, ಪರಿಹಾರ ಶಿಬಿರಗಳಲ್ಲಿ ಎಲುಬಿನ ಗೂಡಾಗಿ ಬಿದ್ದಿದ್ದ, ಹೆಣ್ಣು ಹಿಡಿಯುವ ದಲ್ಲಾಳಿಗಳ ಕೈಗೆ ಸಿಗಲಿದ್ದ ಹುಡುಗಿಯರನ್ನು ಕರೆತಂದರು. ಸುಮಾರು 300 ಜನ. ಪುಣೆಯಲ್ಲಿ ಆಗ ಪ್ಲೇಗು. ಅಷ್ಟು ಜನರನ್ನು ಊರೊಳಗೆ ಇಡಲು ಅಧಿಕಾರಿಗಳು ಒಪ್ಪದಿದ್ದಾಗ ಎಲ್ಲರನ್ನೂ ಕೇಡಗಾಂವ್‌ನ ಹೊಲಕ್ಕೆ ಸಾಗಿಸಿದರು. ಅದೇ ಪ್ಲೇಗಿನ ಕಾಲದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಂಗಸರು ಅನುಭವಿಸುತ್ತಿದ್ದ ಪಾಡಿನ ಬಗ್ಗೆ ಪತ್ರಿಕೆಗೆ ನಿಷ್ಠುರವಾದ ಪತ್ರ ಬರೆದು ಆಳುವವರ ಸಿಟ್ಟಿಗೂ ಗುರಿಯಾದರು. ಕ್ರೈಸ್ತರಾದುದರಿಂದ ಆಳುವವರ ಪಕ್ಷ ಸೇರಿದರೆಂದು ಹೇಳುವವರು ಆ ಪತ್ರವನ್ನು ಓದಬೇಕು.

ಬಾಸ್ಟನ್ನಿನವರ ಹತ್ತು ವರ್ಷದ ಒಪ್ಪಂದ 1898ರಲ್ಲಿ ಮುಗಿಯಿತು. ಅನಂತರ ‘ಮುಕ್ತಿ’ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಯಿತು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು. ಅಷ್ಟು ಜನರಿಗೆ ಅನ್ನ, ಬಟ್ಟೆ, ಪಾಠ, ಕಸುಬು ಎಲ್ಲವನ್ನೂ ಹೆಂಗಸರೇ ನಡೆಸಿದರು. ನೇಯ್ಗೆ, ಹೈನು, ಎಣ್ಣೆ ಗಾಣ, ಹೊಲಿಗೆ, ಬುಟ್ಟಿ ಹೆಣೆಯುವುದು, ಅಚ್ಚುಕೂಟ, ಹೊಲದ ಕೆಲಸ. ಬೀದಿಗೆ ಬಿದ್ದವರಿಗಾಗಿ ಕೃಪಾ ಸದನ ಬೇರೆಯಾಗಿಯೇ ಇತ್ತು, ಕುರುಡರಿಗೆ ಬಾರ್ತಿಮೀ ಸದನ. ವಾಂಟೇಜಿನವರ ಫುಲ್‌ಹ್ಯಾಮ್ ಮನೆಯಲ್ಲಿ ಕಂಡದ್ದನ್ನು ಅವರು ಮರೆತಿರಲಿಲ್ಲ.

ಶನಿವಾರ ಮಧ್ಯಾಹ್ನ ಒಳಗೆ ಹೋದಾಗ ಬೇವಿನ ಮರಗಳ ಕೆಳಗೆ ಶಾಲೆ ಬಿಟ್ಟ ಹುಡುಗಿಯರು ಓಡಾಡುತ್ತಿದ್ದರು. ಕಣ್ಣು ಕಾಣದ ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಕುರ್ಚಿಯ ಬೆತ್ತ ಹೆಣೆಯುತ್ತಿದ್ದರು. ಎಡಗೈಯ ಹೆಬ್ಬೆರಳಿನಿಂದ ತೂತು ಹುಡುಕಿ, ಬಲಗೈಯಿಂದ ಬೆತ್ತದ ತುದಿ ಪೋಣಿಸಿ, ಎಳೆದು, ಬಿಗಿಯಾಯಿತೇ ಎಂದು ಉಗುರಿನಿಂದ ಮೀಟಿ ನೋಡುತ್ತಿದ್ದರು. ಮೀಟಿದಾಗ ಬಂದ ಸದ್ದು ಸರಿಯಿಲ್ಲದಿದ್ದರೆ ಮತ್ತೆ ಬಿಚ್ಚುತ್ತಿದ್ದರು. ಕರ್ನಾಟಕದಿಂದ ಬಂದೆನೆಂದಾಗ, ಬಾಯಿಯವರೂ ಆ ಕಡೆಯವರೇ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲಿ ಯಾರೂ ‘ಪಂಡಿತಾ ರಮಾಬಾಯಿ’ ಎನ್ನುವುದಿಲ್ಲ, ‘ಬಾಯಿ’ ಎಂದರೆ ಸಾಕು.

ಭಾನುವಾರದ ಆರಾಧನೆಗೆ ಹೋದೆ. 1899ರಲ್ಲಿ ಅಡಿಗಲ್ಲು ಹಾಕಿದ ಆ ವಿಶಾಲವಾದ ಕಲ್ಲಿನ ಚರ್ಚಿನಲ್ಲಿ ಹಾಡುಗಳೆಲ್ಲ ಮರಾಠಿ, ಮಟ್ಟು ಭಜನೆಯದು. 1905ರ ಜೂನ್ ಕೊನೆಯಲ್ಲಿ ಇಲ್ಲಿ ಹುಡುಗಿಯರು ನೂರಾರು ಸಂಖ್ಯೆಯಲ್ಲಿ ಗಟ್ಟಿಯಾಗಿ ಅಳುತ್ತ, ಪ್ರಾರ್ಥಿಸುತ್ತ ದಿನಗಟ್ಟಲೆ ಕಳೆದ ‘ಜಾಗೃತಿ’ ಲೋಕದ ಕ್ರೈಸ್ತ ಚರಿತ್ರೆಯಲ್ಲಿ ದಾಖಲಾಗಿದೆ. ಅದನ್ನು ಉನ್ಮಾದವೆಂದವರು ಆಗಲೂ ಇದ್ದರು. ನಾನು ಆ ನಂಬಿಕೆಯವನಲ್ಲ. ಆದರೆ ಜೋರಾಗಿ ಮಾತಾಡಲು ಎಂದೂ ಅವಕಾಶವಿಲ್ಲದಿದ್ದ ಬಾಲವಿಧವೆಯರು, ಬರದಲ್ಲಿ ಎಲ್ಲರನ್ನೂ ಕಳೆದುಕೊಂಡ ಮಕ್ಕಳು ಒಮ್ಮೆಲೇ ದನಿಯೆತ್ತಿ ದೇವರನ್ನು ಕರೆದದ್ದು ನನಗೆ ಅರ್ಥವಾಗುತ್ತದೆ. ಆ ಹುಡುಗಿಯರ ಗುಂಪುಗಳು ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೊರಟವು. ಪುರಾಣ ಹೇಳುತ್ತ ಊರೂರು ತಿರುಗಿದ ಬಾಲ್ಯವನ್ನು ರಮಾಬಾಯಿ ಅವರಿಗೆ ದಾಟಿಸಿದ್ದರು.

ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷ ಅವರನ್ನು ಹಿಡಿದಿಟ್ಟ ಕೆಲಸ ಬೈಬಲಿನ ಅನುವಾದ. ಆಗ ಚಾಲ್ತಿಯಲ್ಲಿದ್ದ ಮರಾಠಿ ಬೈಬಲಿನ ಭಾಷೆ ಓದುಬರಹ ಈಗಷ್ಟೇ ಕಲಿತ ಹಳ್ಳಿಯ ಹೆಂಗಸಿಗೆ ಎಟುಕುವುದಿಲ್ಲವೆಂದು ಅವರಿಗೆ ಅನ್ನಿಸಿತು. ಭಾಗವತ ಬಾಯಿಪಾಠವಿದ್ದ ಪಂಡಿತೆ ಹೀಬ್ರೂ, ಗ್ರೀಕ್ ಕಲಿತು, ಸಂಸ್ಕೃತದ ಭಾರ ಇಳಿಸಿ, ಅಡುಗೆಮನೆಯ ಮರಾಠಿಗೆ ಹತ್ತಿರವಾಗಿ ಇಡೀ ಗ್ರಂಥವನ್ನು ತಿರುಗಿಸಿದರು. ಬಿಳಿಯ ಸೀರೆಯುಟ್ಟು, ನೆಲದ ಮೇಲೆ ಕುಳಿತು, ಕಿವಿ ಕೇಳಿಸದ ಏಕಾಂತದಲ್ಲಿ ಬರೆಯುತ್ತಿದ್ದರು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ, ತಮ್ಮ ನಂತರ ಮುಕ್ತಿಯನ್ನು ನಡೆಸಬೇಕಿದ್ದ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಾಯಿ ಬರವಣಿಗೆ ನಿಲ್ಲಿಸಲಿಲ್ಲ. ಕೊನೆಯ ಹಾಳೆಗಳ ತಿದ್ದುಪಡಿ ಮುಗಿಸುವಷ್ಟು ದಿನ ಕೊಡೆಂದು ದೇವರನ್ನು ಬೇಡಿದ್ದರೆಂದು ಇಲ್ಲಿಯವರು ಹೇಳುತ್ತಾರೆ. 1922ರ ಏಪ್ರಿಲ್ 5ರಂದು ಅವರು ನಿದ್ದೆಯಲ್ಲೇ ಹೋದಾಗ ತಿದ್ದುಪಡಿ ಮುಗಿದಿತ್ತು. ಅವರ ಸಮಾಧಿ ಕೇಡಗಾಂವ್‌ನಲ್ಲೇ ಇದೆ.

ಆ ಬೈಬಲು 1924ರಲ್ಲಿ ಮುಕ್ತಿಯ ಅಚ್ಚುಕೂಟದಿಂದಲೇ ಹೊರಬಂತು. ಅಚ್ಚುಮೊಳೆ ಜೋಡಿಸಿದವರೂ ಹಾಳೆ ಮಡಚಿ ಹೊಲಿದವರೂ ಅಲ್ಲಿಯೇ ಅಕ್ಷರ ಕಲಿತ ಹೆಣ್ಣುಮಕ್ಕಳು.